ಪರದೇಶದ ಗಾಯಾಳುಗಳಿಗೆ ಪ್ರಾಣ ಧಾರೆಯೆರೆದ ಸೋಲಾಪುರದ ಮಗ : ಡಾ. ದ್ವಾರಕಾನಾಥ ಕೋಟ್ನೀಸ

ಸೋಲಾಪುರವೆಂದರೆ ಶ್ರೀ ಸಿದ್ಧರಾಮೇಶ್ವರರ ಪುಣ್ಯಕ್ಷೇತ್ರ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯೆಂದು ಹೆಸರಾದ ಈ ಊರಿನಲ್ಲಿ ಕೆರೆ ಕಟ್ಟಿಸಿ ಜನ-ಜಾನುವಾರುಗಳ ನೀರಡಿಕೆ ನೀಗಿಸಿದ ಆ ಶಿವಯೋಗಿಗಳ ಸ್ಮರಣೆ ಸಂಕ್ರಮಣದ ಜಾತ್ರೆಯಲ್ಲಿ ವರ್ಷವರ್ಷವೂ ಹಸಿರಾಗುತ್ತದೆ. ಜಗತ್ತಿನಿಂದ ಪಡೆದುದಕ್ಕಿಂತ ಹೆಚ್ಚಿನದನ್ನು ಜಗತ್ತಿಗೆ ಕೊಟ್ಟು ಹೋಗುವವರನ್ನೇ ನಮ್ಮ ಹಿರಿಯರು ಶರಣರೆಂದರು, ಸಂತರೆಂದರು. ಇದೇ ನೆಲದಲ್ಲಿ ಹುಟ್ಟಿ, ಮಠ-ಮಂದಿರಗಳ ದಾರಿ ಹಿಡಿಯದೆ, ಶಸ್ತ್ರಚಿಕಿತ್ಸೆಯ ಮೇಜಿನ ಮುಂದೆಯೇ ಆ ಧರ್ಮವನ್ನು ಪಾಲಿಸಿದವರು ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನೀಸ.

ಅವರು ಜನಿಸಿದ್ದು 1910ನೆಯ ಅಕ್ಟೋಬರ್ 10ರಂದು, ಸೋಲಾಪುರದ ಒಂದು ಮಧ್ಯಮ ವರ್ಗದ ಕುಟುಂಬದಲ್ಲಿ. ಮನೆಮಾತು ಮರಾಠಿ. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುವ ಊರು ಸೋಲಾಪುರ. ಗಿರಣಿಯ ಸಿಳ್ಳಿಗೆ ಏಳುವ ಕಾರ್ಮಿಕರು, ಮಗ್ಗದ ಮನೆಗಳು, ಸ್ವಾತಂತ್ರ್ಯದ ಗಾಳಿ, ಇವೆಲ್ಲ ಅಂದಿನ ಸೋಲಾಪುರದ ಚಿತ್ರ. 1930ರಲ್ಲಿ ಇಲ್ಲಿ ಲಷ್ಕರಿ ಕಾಯದೆ ಜಾರಿಯಾಯಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರು ಗಲ್ಲಿಗೇರಿದರು. ಆಗ ದ್ವಾರಕಾನಾಥರಿಗೆ ಇಪ್ಪತ್ತರ ಹರೆಯ.

ಮುಂಬಯಿಯ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆದು, ಅವರು ಮುಂದಿನ ವ್ಯಾಸಂಗದ ಸಿದ್ಧತೆಯಲ್ಲಿದ್ದರು. ಅಷ್ಟರಲ್ಲಿ ಚೀನಾದಿಂದ ಒಂದು ಕರೆ ಬಂತು. 1937ರಲ್ಲಿ ಜಪಾನಿನ ಸೈನ್ಯ ಚೀನಾದ ಮೇಲೆ ಏರಿಹೋಗಿತ್ತು. ಗಾಯಗೊಂಡವರಿಗೆ ಲೆಕ್ಕವಿರಲಿಲ್ಲ, ವೈದ್ಯರ ಕೊರತೆಯೂ ಬಹಳ. ಅಲ್ಲಿನ ಸೇನಾನಿ ಝು ಡೆ ಅವರು ಪಂಡಿತ ನೆಹರೂ ಅವರಿಗೆ ಪತ್ರ ಬರೆದು ವೈದ್ಯರನ್ನು ಕಳುಹಿಸಲು ಬೇಡಿಕೊಂಡರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದ ಜನರಲ್ಲಿ ಧನಸಹಾಯ ಕೇಳಿದರು. ಭಾರತವೇ ಪರತಂತ್ರ, ಆದರೂ ಜನ ಕೈಲಾದಷ್ಟು ಕೊಟ್ಟರು. ಅಟಲ್, ಚೋಳ್ಕರ್, ಮುಖರ್ಜಿ, ಬಸು, ಕೋಟ್ನೀಸ ಈ ಐವರು ವೈದ್ಯರ ತಂಡ 1938ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರದಿಂದ ಹಡಗು ಹತ್ತಿತು. ಆಗ ಕೋಟ್ನೀಸರಿಗೆ ಇಪ್ಪತ್ತೇಳು ವರ್ಷ. ಮನೆಯವರು ಮತ್ತೆ ಅವರ ಮುಖ ನೋಡಲಿಲ್ಲ.

ಚೀನಾದಲ್ಲಿ ಐವರಿಗೂ ಆ ಭಾಷೆಯ ಹೆಸರುಗಳನ್ನಿಟ್ಟರು. ಎಲ್ಲ ಹೆಸರಿನ ಕೊನೆಗೂ ಚೀನಾ ಎಂಬ ಅರ್ಥದ ಹುವಾ ಎಂಬ ಅಕ್ಷರ. ಕೋಟ್ನೀಸರು ಕೆ ದಿಹುವಾ ಆದರು. 1939ರ ಆರಂಭದಲ್ಲಿ ತಂಡ ಯೆನಾನ್ ಸೇರಿತು. ಚೀನಾದಲ್ಲಿರುವಾಗಲೇ ಅವರಿಗೆ ತಂದೆಯ ಮರಣದ ಸುದ್ದಿ ಮುಟ್ಟಿತು. ಹಿರಿಯರಿಲ್ಲದ ಮನೆ, ಹಿಂದಿರುಗಲು ಯಾರ ಅಡ್ಡಿಯೂ ಇರಲಿಲ್ಲ. ಆದರೂ ಅವರು ಕೈಗೊಂಡ ಕೆಲಸ ಬಿಟ್ಟು ಬರಲಿಲ್ಲ. ಕೆಲವರು ಆರೋಗ್ಯ ಕೆಟ್ಟು, ಕೆಲವರು ಅವಧಿ ಮುಗಿದು ಒಬ್ಬೊಬ್ಬರಾಗಿ ತಾಯ್ನಾಡಿಗೆ ಮರಳಿದರು. ಡಾ. ಬಸು ಅವರೂ 1943ರಲ್ಲಿ ಹಿಂದಿರುಗಿದರು. ಕೋಟ್ನೀಸರು ಮಾತ್ರ ಅಲ್ಲಿಯೇ ಉಳಿದರು.

ಅವರು ದುಡಿದದ್ದು ಉತ್ತರ ಚೀನಾದ ಬೆಟ್ಟಗಾಡಿನಲ್ಲಿ, ಶತ್ರುವಿನ ಸಾಲುಗಳ ಹಿಂದೆ. ದವಾಖಾನೆಯೆಂದರೆ ದೊಡ್ಡ ಕಟ್ಟಡವಲ್ಲ. ಹಳ್ಳಿಯ ರೈತರ ಮನೆಗಳೇ ದವಾಖಾನೆ. ಔಷಧ ಕಡಿಮೆ, ಚಳಿ ಘೋರ, ದಾಳಿಯ ಸುಳಿವು ಸಿಕ್ಕೊಡನೆ ಗಾಯಾಳುಗಳನ್ನು ಹೊತ್ತು ಬೇರೆ ಊರಿಗೆ ಸಾಗಬೇಕು. 1940ರ ಒಂದು ಕಾಳಗದ ಸಮಯದಲ್ಲಿ ಅವರು 72 ಗಂಟೆ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರು. ಆ ಕಾಳಗದಲ್ಲಿ ಅವರ ಕೈಯಿಂದ ಉಪಚಾರ ಪಡೆದವರು 800ಕ್ಕೂ ಹೆಚ್ಚು.

ಕೆನಡಾದ ಹೆಸರಾಂತ ಶಸ್ತ್ರವೈದ್ಯ ಡಾ. ನಾರ್ಮನ್ ಬೆಥೂನ್ ಅದೇ ಪ್ರದೇಶದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, ಬೆರಳಿಗಾದ ಗಾಯದಿಂದ ರಕ್ತಕ್ಕೆ ನಂಜೇರಿ 1939ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸರು ನಿರ್ದೇಶಕರಾದರು. ಚೀನೀ ಭಾಷೆಯನ್ನು ಕಷ್ಟಪಟ್ಟು ಕಲಿತು, ಅದರಲ್ಲಿಯೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ತಮ್ಮ ಎರಡು ಕೈ ಸಾಲದೆಂದು ತಿಳಿದು, ನೂರು ಕೈಗಳನ್ನು ತಯಾರು ಮಾಡಲು ಹೊರಟ ಗುರು ಅವರು. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಬರೆಯಲು ಸಹ ಕುಳಿತರು.

ಬೆಥೂನ್ ವೈದ್ಯಶಾಲೆಯಲ್ಲಿ ದಾದಿಯರಿಗೆ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು 1941ರಲ್ಲಿ ಮದುವೆಯಾದರು. 1942ರ ಆಗಸ್ಟಿನಲ್ಲಿ ಗಂಡು ಮಗು ಹುಟ್ಟಿತು. ಭಾರತಕ್ಕೆ ಇನ್, ಚೀನಾಕ್ಕೆ ಹುವಾ. ಎರಡೂ ಕೂಡಿ ಮಗುವಿಗೆ ಇನ್‌ಹುವಾ ಎಂದು ಹೆಸರಾಯಿತು.

ಆದರೆ ಬಿಡುವಿಲ್ಲದ ದುಡಿಮೆ ಶರೀರವನ್ನು ಒಳಗಿನಿಂದ ತಿಂದುಹಾಕಿತ್ತು. ಮೂರ್ಛೆರೋಗ ಮೇಲಿಂದ ಮೇಲೆ ಕಾಣಿಸಿಕೊಂಡಿತು. ಬೇರೆಡೆ ಹೋಗಿ ಉಪಚಾರ ಪಡೆಯಲು ಹಿರಿಯರು ಹೇಳಿದರೂ ಅವರು ರೋಗಿಗಳನ್ನು ಬಿಟ್ಟು ಕದಲಲಿಲ್ಲ. ಸಾವಿರಾರು ಜನರಿಗೆ ಉಪಚಾರ ಹೇಳಿದ ವೈದ್ಯ ತನ್ನ ಉಪಚಾರವನ್ನು ಮುಂದೂಡುತ್ತಲೇ ಬಂದದ್ದು ಈ ಬದುಕಿನ ದುಃಖದ ಸಂಗತಿ. 1942ರ ಡಿಸೆಂಬರ್ 9ರಂದು ಅವರು ಕೊನೆಯುಸಿರೆಳೆದರು. ವಯಸ್ಸು ಮೂವತ್ತೆರಡು. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಪುಸ್ತಕ ಅರ್ಧಕ್ಕೆ ನಿಂತಿತು.

ಅವರ ತ್ಯಾಗದ ಬೆಲೆಯನ್ನು ಇತರರೂ ತೆತ್ತರು. ಸೋಲಾಪುರದ ತಾಯಿ ಮಗನ ದಾರಿ ಕಾಯುತ್ತಲೇ ಉಳಿದಳು. ಮಡದಿ ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡರು. ತಂದೆಯಂತೆ ವೈದ್ಯನಾಗಲು ಓದುತ್ತಿದ್ದ ಇನ್‌ಹುವಾ ಕೂಡ 1967ರಲ್ಲಿ ತೀರಿಕೊಂಡ. ಆ ತಾಯಿ 2012ರವರೆಗೆ ಬದುಕಿ, ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರೊಡನೆ ನಂಟು ಉಳಿಸಿಕೊಂಡರು.

ಖ್ವಾಜಾ ಅಹ್ಮದ್ ಅಬ್ಬಾಸರು ಅವರ ಜೀವನ ಕುರಿತು ಪುಸ್ತಕ ಬರೆದರು. 1946ರಲ್ಲಿ ವಿ. ಶಾಂತಾರಾಮರು ಡಾ. ಕೋಟ್ನೀಸ್ ಕೀ ಅಮರ್ ಕಹಾನಿ ಎಂಬ ಚಿತ್ರ ತೆಗೆದು, ತಾವೇ ಕೋಟ್ನೀಸರಾಗಿ ಅಭಿನಯಿಸಿದರು. ಚೀನಾದ ಷಿಜಿಯಾಝುವಾಂಗ್ ನಗರದಲ್ಲಿ ಅವರ ಸಮಾಧಿಯೂ ಪ್ರತಿಮೆಯೂ ಇವೆ. 1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವಾಯಿತು. ಆದರೂ ಅವರ ಹೆಸರಿಗೆ ಅಲ್ಲಿ ಕುಂದು ಬರಲಿಲ್ಲ. ಚೀನಾದ ನಾಯಕರು ಭಾರತಕ್ಕೆ ಬಂದಾಗ ಕೋಟ್ನೀಸ ಕುಟುಂಬದವರನ್ನು ಕಂಡು ಗೌರವಿಸುವ ವಾಡಿಕೆಯೂ ಬೆಳೆದುಬಂತು. ಎರಡೂ ದೇಶಗಳು ಅವರ ಅಂಚೆಚೀಟಿ ಹೊರತಂದವು. ಸೋಲಾಪುರದಲ್ಲಿ ಅವರ ಮನೆ ಈಗ ಸ್ಮಾರಕವಾಗಿದೆ.

ಅವರು ಜಗತ್ತಿನಿಂದ ಪಡೆದದ್ದು ಮೂವತ್ತೆರಡು ವರ್ಷದ ಆಯುಷ್ಯ ಮಾತ್ರ. ಕೊಟ್ಟದ್ದು ಎಷ್ಟೆಂದು ಅವರ ಕೈಯಿಂದ ಬದುಕಿ ಮನೆ ಸೇರಿದವರ ಮಕ್ಕಳು-ಮೊಮ್ಮಕ್ಕಳೇ ಹೇಳಬೇಕು. ಸಿದ್ಧರಾಮರ ಕೆರೆಯ ನೀರು ಕುಡಿಯುವವರ ಜಾತಿ-ಭಾಷೆ ಕೇಳಲಿಲ್ಲ. ಅದೇ ಊರಿನ ಮಗ ಗಾಯಾಳುವಿನ ದೇಶ ಕೇಳಲಿಲ್ಲ. ಜಾತ್ರೆಗೆಂದು ಸೋಲಾಪುರಕ್ಕೆ ಬರುವ ಭಕ್ತಾದಿಗಳು ದೇವರ ದರ್ಶನದ ಬಳಿಕ ಆ ಮನೆಯ ಮುಂದೆಯೂ ಒಂದು ಗಳಿಗೆ ನಿಂತು, ಮಕ್ಕಳಿಗೆ ಈ ಕತೆ ಹೇಳಿದರೆ ಯಾತ್ರೆ ಪೂರ್ಣವಾದೀತು.