ಮೊನೊಪೊಲಿಗೂ ಮುಂಚೆ ಲಿಝಿ ಮ್ಯಾಗಿ

ಬೇಸಿಗೆ ರಜೆಯಲ್ಲಿ ಬಿಸಿನೆಸ್ ಆಟ ಆಡದೆ ಬೆಳೆದವರು ನಮ್ಮಲ್ಲಿ ಕಡಿಮೆ. ಸೈಟು ಕೊಳ್ಳೋದು, ಮನೆ ಕಟ್ಟೋದು, ತಮ್ಮ ತಂಗಿ ಅಂತ ನೋಡದೆ ಬಾಡಿಗೆ ವಸೂಲಿ ಮಾಡೋದು. ಅದರ ಮೂಲ ಅಮೆರಿಕದ ಮೊನೊಪೊಲಿ. ಆ ಮೊನೊಪೊಲಿಯ ಮೂಲ ಎಲಿಝಬೆತ್ ಮ್ಯಾಗಿ ಎಂಬ ಸ್ಟೆನೋಗ್ರಾಫರ್. (ಹಾಸ್ಟೆಲ್‌ನ ಮಧ್ಯರಾತ್ರಿಯ ಮ್ಯಾಗಿಗೂ ಇವರಿಗೂ ಸಂಬಂಧ ಇಲ್ಲ.)

ಲಿಝಿ ಹುಟ್ಟಿದ್ದು 1866ರಲ್ಲಿ, ಇಲಿನಾಯ್ ರಾಜ್ಯದಲ್ಲಿ. ಅಪ್ಪ ಜೇಮ್ಸ್ ಪತ್ರಿಕೆ ನಡೆಸುತ್ತಿದ್ದವರು, ಗುಲಾಮಗಿರಿಯ ವಿರೋಧಿ. ಹೆನ್ರಿ ಜಾರ್ಜ್ ಬರೆದ 'ಪ್ರೋಗ್ರೆಸ್ ಅಂಡ್ ಪಾವರ್ಟಿ' ಪುಸ್ತಕವನ್ನು ಮಗಳ ಕೈಗೆ ಕೊಟ್ಟವರು ಅವರೇ. ಜಾರ್ಜ್ ವಾದ ಇಷ್ಟೇ: ಭೂಮಿಯನ್ನು ಯಾರೂ ತಯಾರಿಸಿದ್ದಲ್ಲ. ಊರು ಬೆಳೆದ ಹಾಗೆ ಸೈಟಿನ ಬೆಲೆ ಏರುತ್ತೆ, ಮಾಲೀಕ ಕೈಕಟ್ಟಿ ಕೂತೇ ಶ್ರೀಮಂತ ಆಗ್ತಾನೆ. ಹಾಗಾಗಿ ತೆರಿಗೆ ಬೀಳಬೇಕಾದ್ದು ಭೂಮಿಯ ಮೇಲೆ, ದುಡಿಮೆಯ ಮೇಲಲ್ಲ.

ಲಿಝಿ ಒಂಥರಾ ಎಂಜಿನಿಯರ್ ಕೂಡ ಹೌದು. ಟೈಪ್‌ರೈಟರ್ ರೋಲರ್‌ಗಳ ನಡುವೆ ಕಾಗದ ಸಲೀಸಾಗಿ ಹೋಗುವಂಥ ಒಂದು ಸಾಧನ ಮಾಡಿ 1893ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಜಾರ್ಜ್ ವಾದವನ್ನು ಭಾಷಣದಲ್ಲಿ ಹೇಳುವ ಬದಲು ಆಟ ಮಾಡಿದರು. 1904ರ ಜನವರಿಯಲ್ಲಿ 'ಲ್ಯಾಂಡ್‌ಲಾರ್ಡ್ಸ್ ಗೇಮ್'ಗೆ ಪೇಟೆಂಟ್ ಸಿಕ್ಕಿತು. ಚೌಕದ ಸುತ್ತ ತಿರುಗುವ ದಾರಿ, ರೈಲ್ವೆ, ಜೈಲು, ಒಂದು ಸುತ್ತು ಮುಗಿಸಿದರೆ ಕೂಲಿ: ಎಲ್ಲ ಆಗಲೇ ಅದರಲ್ಲಿತ್ತು.

ನಮಗೆ ತುಂಬ ಇಷ್ಟವಾದದ್ದು ಬೋರ್ಡ್ ಅಲ್ಲ, ರೂಲ್ಸ್. ಅವರ ಆಟವನ್ನು ಎರಡು ಬಗೆಯಲ್ಲಿ ಆಡಬಹುದಿತ್ತು. ಒಂದರಲ್ಲಿ ಬಾಡಿಗೆ ಮಾಲೀಕನ ಜೇಬಿಗೆ. ಒಬ್ಬ ಉಬ್ಬುತ್ತಾನೆ, ಉಳಿದವರು ದಿವಾಳಿ. ಇನ್ನೊಂದರಲ್ಲಿ ಜಾಗದ ಬಾಡಿಗೆ ಸಾರ್ವಜನಿಕ ಖಜಾನೆಗೆ. ಬೋರ್ಡ್ ಅದೇ, ದಾಳ ಅದೇ, ಆಡುವವರೂ ಅದೇ ಜನ. ಫಲಿತಾಂಶ ಮಾತ್ರ ಬೇರೆ.

ಈಗ ನಮ್ಮ ಎಂಟರ್‌ಪ್ರೆನರ್‌ಶಿಪ್ ಕ್ಲಾಸಿನ ಬಿಸಿನೆಸ್ ಸಿಮ್ಯುಲೇಶನ್ ನೆನಪಿಸಿಕೊಳ್ಳಿ. ನಾಲ್ಕು ಜನ ಸೇರಿ ಒಂದು ಕಂಪನಿ, ರೇಟು ನಿಗದಿ ಮಾಡ್ತೀವಿ, ಜಾಹೀರಾತಿಗೆ ಇಷ್ಟು ಅಂತ ಹಾಕ್ತೀವಿ, ರೌಂಡ್ ಮುಗಿದ ಕೂಡಲೇ ಲೀಡರ್‌ಬೋರ್ಡ್ ಕಡೆ ಕತ್ತು ಚಾಚ್ತೀವಿ. ಗೆಲುವು ಅಂದ್ರೆ ಲಾಭ ಮಾತ್ರ ಅಂತ ಆ ಸಾಫ್ಟ್‌ವೇರ್‌ಗೆ ಹೇಳಿದ್ದು ಯಾರು? ನಾವಂತೂ ಒಂದು ಸಲವೂ ಕೇಳಿಲ್ಲ. ಲಿಝಿ ಆಟ ಕಟ್ಟಿದ್ದೇ ಆ ಪ್ರಶ್ನೆ ಹುಟ್ಟಲಿ ಅಂತ. ಅದು ಕಾಲೇಜಿಗೂ ಹೋಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್‌ನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ ಸ್ಕಾಟ್ ನಿಯರಿಂಗ್ ಇದನ್ನು ವಿದ್ಯಾರ್ಥಿಗಳಿಗೆ ಆಡಿಸಿದರು. ಕಂಪ್ಯೂಟರ್ ಹುಟ್ಟುವ ಎಷ್ಟೋ ವರ್ಷ ಮೊದಲೇ ಬಿಸಿನೆಸ್ ಸ್ಕೂಲಿನಲ್ಲಿ ಸಿಮ್ಯುಲೇಶನ್! (ನಿಯರಿಂಗ್ 1915ರಲ್ಲಿ ಅಲ್ಲಿ ಕೆಲಸ ಕಳೆದುಕೊಂಡರು, ಅದು ಬೇರೆ ಕಥೆ.)

ಆಟ ಕೈಯಿಂದ ಕೈಗೆ ಹಬ್ಬಿತು. ಜನ ಬಟ್ಟೆ ಮೇಲೆ, ರಟ್ಟಿನ ಮೇಲೆ ಬರೆದುಕೊಂಡು ತಮ್ಮೂರಿನ ಬೀದಿ ಹೆಸರು ಹಾಕಿಕೊಂಡರು. ಹಾಗೆ ಹಬ್ಬುವಾಗ ಎರಡನೇ ಬಗೆಯ ರೂಲ್ಸ್ ಎಲ್ಲೋ ಉದುರಿಹೋಯಿತು. ಅಟ್ಲಾಂಟಿಕ್ ಸಿಟಿಯ ಬೀದಿಗಳಿದ್ದ ಒಂದು ಪ್ರತಿ ಚಾರ್ಲ್ಸ್ ಡ್ಯಾರೋ ಎಂಬಾತನಿಗೆ ಸಿಕ್ಕಿತು. ಆತ ಅದನ್ನು ತನ್ನದೇ ಎಂದು 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದ. ಮಾರ್ವೆನ್ ಗಾರ್ಡನ್ಸ್ ಎಂಬ ಬಡಾವಣೆ ಆ ಪ್ರತಿಯಲ್ಲಿ ಮಾರ್ವಿನ್ ಆಗಿತ್ತು. ಡ್ಯಾರೋ ಬೋರ್ಡಿನಲ್ಲೂ ಮಾರ್ವಿನ್ನೇ. ಪಕ್ಕದವರ ಲ್ಯಾಬ್ ರೆಕಾರ್ಡ್ ಕಾಪಿ ಹೊಡೆದು ಸಿಕ್ಕಿಬಿದ್ದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ಡ್ಯಾರೋ ಕೋಟ್ಯಧಿಪತಿಯಾದ. 1924ರಲ್ಲಿ ಹೊಸ ಪೇಟೆಂಟ್ ಪಡೆದಿದ್ದ ಲಿಝಿಯಿಂದ ಕಂಪನಿ ಅದನ್ನು 500 ಡಾಲರ್‌ಗೆ ಕೊಂಡಿತು, ರಾಯಲ್ಟಿ ಇಲ್ಲದೆ. ದುಡ್ಡಿಗಿಂತ ತನ್ನ ಪಾಠ ಮನೆಮನೆಗೆ ಹೋಗುತ್ತೆ ಅಂತ ಅವರು ಒಪ್ಪಿದ್ದರಂತೆ. ಮನೆಮನೆಗೆ ಹೋದದ್ದು ಡ್ಯಾರೋ ಹೆಸರು. 1936ರಲ್ಲಿ ಅವರು ತಮ್ಮ ಹಳೆಯ ಬೋರ್ಡ್‌ಗಳನ್ನು ಹಿಡಿದು ಪತ್ರಿಕೆಯವರ ಮುಂದೆ ನಿಂತರು. ಜನ ಒಂದೆರಡು ದಿನ ಓದಿ ಮರೆತಿರಬೇಕು.

1948ರಲ್ಲಿ, 81ನೇ ವಯಸ್ಸಿನಲ್ಲಿ ಲಿಝಿ ತೀರಿಕೊಂಡರು. 1970ರ ದಶಕದಲ್ಲಿ ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರೊಫೆಸರ್ 'ಆಂಟಿ-ಮೊನೊಪೊಲಿ' ಎಂಬ ಆಟ ಮಾರಲು ಹೋಗಿ ಕೋರ್ಟ್ ಕೇಸಿಗೆ ಸಿಕ್ಕಿದಾಗ, ಹಳೇ ಪೇಟೆಂಟ್ ಹುಡುಕುತ್ತಾ ಲಿಝಿ ಹೆಸರು ಹೊರಗೆ ತೆಗೆದರು. 1940ರ ಜನಗಣತಿಯಲ್ಲಿ ಲಿಝಿಯ ವೃತ್ತಿ ಆಟಗಳನ್ನು ತಯಾರಿಸುವವರು ಎಂದಿದೆ. ಆದಾಯದ ಕಾಲಮ್ಮಿನಲ್ಲಿ ಸೊನ್ನೆ.