ಗುದ್ದಲಿ ಹಿಡಿದ ಸಭಾಪಾಲಕರು

ಫ್ರಾನ್ಸ್ ದೇಶದ ಆಲ್ಸೇಸ್ ಪ್ರಾಂತದ ಬೆಟ್ಟಸೀಮೆಯಲ್ಲಿ ವಾಲ್ಡರ್ಸ್‌ಬಾಖ್ ಎಂಬ ಹಳ್ಳಿಯುಂಟು. 1740ರಲ್ಲಿ ಸ್ಟ್ರಾಸ್‌ಬುರ್ಗ್ ಪಟ್ಟಣದಲ್ಲಿ ಹುಟ್ಟಿದ ಯೋಹಾನ್ ಫ್ರೆಡರಿಕ್ ಓಬರ್ಲಿನರು 1767ರಲ್ಲಿ ಅಲ್ಲಿಯ ಸಭಾಪಾಲಕರಾಗಿ ಬಂದರು. ಜನರು ಬಡತನದಿಂದಲೂ ಅಜ್ಞಾನದಿಂದಲೂ ಕುಗ್ಗಿದ್ದರು; ಒಳ್ಳೆಯ ಮಾರ್ಗವಿಲ್ಲದ್ದರಿಂದ ಬೆಳೆದದ್ದನ್ನು ಪೇಟೆಗೆ ಒಯ್ಯುವದೂ ಕಷ್ಟವಾಗಿತ್ತು. ಬಂಡೆಗಳನ್ನೊಡೆದು ಮಾರ್ಗ ಮಾಡೋಣವೆಂದು ಓಬರ್ಲಿನರು ಹೇಳಿದಾಗ, ಅದು ಆಗದ ಕೆಲಸವೆಂದು ಜನರು ಹಿಂಜರಿದರು. ಅವರು ವಾದಿಸದೆ, ತಾವೇ ಗುದ್ದಲಿಯನ್ನು ಹೆಗಲಿಗೇರಿಸಿ ಹೊರಟರು. ಅದನ್ನು ಕಂಡ ಜನರು ನಾಚಿ ಅವರನ್ನು ಹಿಂಬಾಲಿಸಿದರು. ಮಾರ್ಗವಾಯಿತು, ಬ್ರೂಷ್ ಹೊಳೆಗೆ ಸೇತುವೆಯೂ ಆಯಿತು.

ತರುವಾಯ ಅವರು ಶಾಲೆಗಳನ್ನು ಕಟ್ಟಿಸಿದರು. ಬಿತ್ತನೆಗೆ ಒಳ್ಳೆಯ ಬಟಾಟೆಯನ್ನು ತರಿಸಿದರು. ಸಾಲದಲ್ಲಿ ಮುಳುಗಿದವರಿಗಾಗಿ ನಿಧಿಯೊಂದನ್ನು ಸ್ಥಾಪಿಸಿದರು. ತಂದೆತಾಯಂದಿರು ದುಡಿಯುತ್ತಿರುವಾಗ ಎಳೆಯ ಮಕ್ಕಳನ್ನು ಕೂಡಿಸಿ ಕಲಿಸುವ ಏರ್ಪಾಡನ್ನೂ ಮಾಡಿದರು. ಈ ಸೇವೆಯಲ್ಲಿ ಲೂಯೀಸ್ ಶೆಪ್ಲರ್ ಎಂಬ ಹಳ್ಳಿಯ ಹುಡುಗಿಯು ಅವರಿಗೆ ಬಲಗೈಯಾದಳು. 1783ರಲ್ಲಿ ಪತ್ನಿಯು ತೀರಿಕೊಂಡ ದುಃಖದಲ್ಲಿಯೂ ಅವರು ಆ ಸಭೆಯನ್ನು ಬಿಟ್ಟುಹೋಗಲಿಲ್ಲ. 1826ರಲ್ಲಿ ಕರ್ತನಲ್ಲಿ ನಿದ್ರಿಸುವ ವರೆಗೆ, ಸುಮಾರು 59 ವರುಷ, ಅಲ್ಲಿಯೇ ದುಡಿದರು. ಅವರ ಸಮಾಧಿಯು ನೆರೆಯ ಫೂದೆ ಗ್ರಾಮದಲ್ಲಿದೆ.

ಪ್ರಿಯರೇ, ಬಾಯಿಂದ ಬೋಧಿಸಿದ್ದನ್ನು ಮೊದಲು ತನ್ನ ಕೈಯಿಂದ ಮಾಡಿ ತೋರಿಸುವವನ ಹಿಂದೆ ಊರೇ ನಡೆಯುವದು. ನಮ್ಮ ಊರಲ್ಲಿ ಮೊದಲು ಗುದ್ದಲಿ ಎತ್ತುವವರು ಯಾರು?