ಆಪರೇಷನ್ ಸಕ್ಸಸ್ ಆಯಿತೇ? ಒಂದು ವರ್ಷ ಬಿಟ್ಟು ಕೇಳಿದ ಭುಜದ ಡಾಕ್ಟರ್

ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಆಸ್ಪತ್ರೆ ಮಂಚದ ಮೇಲೆ ಕೂತ ಫೋಟೋ, ಕೆಳಗೆ ಆಪರೇಷನ್ ಸಕ್ಸಸ್ ಎಂಬ ಸಾಲು. ಇಂಥ ಮೆಸೇಜ್ ನಮ್ಮೆಲ್ಲರ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಅದೇ ವ್ಯಕ್ತಿ ಮನೆಗೆ ಬಂದ ರಾತ್ರಿ ನೋವು ತಾಳಲಾರದೆ ಎಮರ್ಜೆನ್ಸಿಗೆ ಓಡಿದರೆ ಆ ಸುದ್ದಿ ಗ್ರೂಪಿಗೆ ಬರುವುದಿಲ್ಲ. ಓಡಿದ್ದು ಬೇರೆ ಆಸ್ಪತ್ರೆಗಾದರೆ ಆಪರೇಷನ್ ಮಾಡಿದ ಡಾಕ್ಟರಿಗೂ ಗೊತ್ತಾಗದಿರಬಹುದು.

ಡಿಸ್ಚಾರ್ಜ್ ಆದರೆ ವಾಸಿಯಾದಂತೆ ಎಂಬ ನಂಬಿಕೆಯನ್ನು ನೂರು ವರ್ಷಗಳ ಹಿಂದೆಯೇ ಪ್ರಶ್ನಿಸಿದವರು ಅಮೆರಿಕದ ಬಾಸ್ಟನ್ ನಗರದ ಸರ್ಜನ್ ಅರ್ನೆಸ್ಟ್ ಅಮೋರಿ ಕಾಡ್‌ಮನ್. ಹುಟ್ಟಿದ್ದು 1869ರಲ್ಲಿ. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದುವಾಗಲೇ ಗೆಳೆಯ ಹಾರ್ವೆ ಕುಶಿಂಗ್ ಜೊತೆ ಸೇರಿ, ಈಥರ್ ಕೊಟ್ಟ ರೋಗಿಯ ನಾಡಿ ಮತ್ತು ಉಸಿರಾಟವನ್ನು ಚೀಟಿಯಲ್ಲಿ ಬರೆದಿಡಲು ಶುರುಮಾಡಿದರು. ಇಂದು ಪ್ರತಿ ಆಪರೇಷನ್ ಕೋಣೆಯಲ್ಲೂ ಇರುವ ಅರಿವಳಿಕೆ ದಾಖಲೆಯ ಮೂಲ ಅಲ್ಲಿದೆ.

ಆಮೇಲೆ ಹಿಡಿದದ್ದು ಇನ್ನೂ ಸರಳವಾದ ಹಟ. ಪ್ರತಿ ರೋಗಿಗೂ ಒಂದು ಕಾರ್ಡ್. ಏನು ತೊಂದರೆ, ಏನು ಮಾಡಿದೆವು, ಏನು ಕೆಟ್ಟಿತು, ಒಂದು ವರ್ಷದ ನಂತರ ಹೇಗಿದ್ದಾರೆ. ಚೆನ್ನಾಗಿಲ್ಲದಿದ್ದರೆ ಯಾಕೆ? ದೊಡ್ಡ ಆಸ್ಪತ್ರೆಗಳು ಇದಕ್ಕೆ ಮನಸ್ಸು ಮಾಡಲಿಲ್ಲ. 1911ರಲ್ಲಿ ಕಾಡ್‌ಮನ್ ತಮ್ಮದೇ ಪುಟ್ಟ ಆಸ್ಪತ್ರೆ ತೆರೆದರು. ಐದು ವರ್ಷಗಳಲ್ಲಿ 337 ರೋಗಿಗಳು ಮನೆಗೆ ಹೋದರು. ಕಾಡ್‌ಮನ್ ಲೆಕ್ಕಹಾಕಿದ ತಪ್ಪುಗಳು 123. ಕೌಶಲ ಸಾಲದ್ದು, ವಿವೇಚನೆ ತಪ್ಪಿದ್ದು, ರೋಗ ಗುರುತಿಸಲಾಗದ್ದು ಎಂದು ವಿಂಗಡಿಸಿ, ತಮ್ಮದೇ ತಪ್ಪುಗಳನ್ನೂ ಸೇರಿಸಿ ಅಚ್ಚುಹಾಕಿ ಹಂಚಿಬಿಟ್ಟರು. ಇಂದಿಗೂ ಎಷ್ಟು ಆಸ್ಪತ್ರೆಗಳು ಇಷ್ಟು ಧೈರ್ಯ ಮಾಡಿಯಾವು?

ಮನುಷ್ಯ ನಯಗಾರರೇನೂ ಅಲ್ಲ. ಕೆಲಸದ ಫಲ ನೋಡದೆ ಹಿರಿತನ ನೋಡಿ ಬಡ್ತಿ ಕೊಡುವುದನ್ನು ವಿರೋಧಿಸಿ 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ರಾಜೀನಾಮೆ ಕೊಟ್ಟರು. 1915ರ ಜನವರಿಯಲ್ಲಿ ವೈದ್ಯರ ಸಭೆಯಲ್ಲಿ ಆಳೆತ್ತರ ಮೀರಿದ ವ್ಯಂಗ್ಯಚಿತ್ರವೊಂದರ ಪರದೆ ಸರಿಸಿದರು: ಮರಳಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ ಎಂದರೆ ಬಾಸ್ಟನ್ನಿನ ಸಿರಿವಂತ ರೋಗಿಗಳು, ಅದು ಒದೆಯುವ ಚಿನ್ನದ ಮೊಟ್ಟೆಗಳು ವೈದ್ಯರ ಪಾಲಿಗೆ. ಸಭೆ ಕೆರಳಿತು. ಅಲ್ಲಿಯವರೆಗೆ ಇದ್ದ ಅಧ್ಯಕ್ಷಗಿರಿಯೂ ಹೋಯಿತು.

ಆದರೆ ವಿಚಾರ ಹೋಗಲಿಲ್ಲ. ಇದರ ಪ್ರೇರಣೆಯಿಂದ ಅಮೆರಿಕದ ಸರ್ಜನ್ನರ ಸಂಘ 692 ಆಸ್ಪತ್ರೆಗಳನ್ನು ಪರಿಶೀಲಿಸಿದಾಗ ಕನಿಷ್ಠ ಮಟ್ಟ ಮುಟ್ಟಿದ್ದು ಬರೀ 89. ಪಟ್ಟಿ ಪತ್ರಿಕೆಗಳ ಕೈಗೆ ಸಿಗದಿರಲೆಂದು 1919ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರ ಕುಲುಮೆಯಲ್ಲಿ ಸುಟ್ಟುಹಾಕಿದರು!

ಕಾಡ್‌ಮನ್ ಮತ್ತೆ ಭುಜದ ಕಡೆ ತಿರುಗಿದರು. ಭುಜದ ಹರಿದ ಸ್ನಾಯುರಜ್ಜು ಹೊಲಿದ ಮೊದಮೊದಲ ವರದಿಗಳಲ್ಲಿ ಒಂದು ಅವರದೇ. ಫ್ರೋಜನ್ ಶೋಲ್ಡರ್ ಎಂಬ ಹೆಸರು ಬಂದಿದ್ದು 1934ರ ಅವರ ಪುಸ್ತಕದಿಂದ. ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ನಿಮಗೆ ಹೇಳಿಕೊಟ್ಟಿದ್ದರೆ, ಅದಕ್ಕೂ ಕಾಡ್‌ಮನ್ ಹೆಸರೇ ಇದೆ.

ಇಂದು ಭುಜದ ಆಪರೇಷನ್ ನಂತರ ಎಮರ್ಜೆನ್ಸಿಗೆ ಬಂದವರನ್ನು ಎಣಿಸುತ್ತಾರೆ. ಎಣಿಸಿದ್ದರಿಂದಲೇ ಗೊತ್ತಾದದ್ದು: ನೋವು ಇದರ ಒಂದು ಮುಖ್ಯ ಕಾರಣ. ಕುತ್ತಿಗೆಯ ಬಳಿ ಕೊಡುವ ನರದ ಇಂಜೆಕ್ಷನ್ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಆಗ ಅಡಗಿದ್ದ ನೋವು ಒಮ್ಮೆಲೇ ಎದ್ದು ಬರುತ್ತದೆ. ನೋವಿಲ್ಲವಲ್ಲ ಎಂದು ಮಾತ್ರೆ ಬಿಟ್ಟವರಿಗೆ ಕಷ್ಟ ಜಾಸ್ತಿ. ಯಾವ ಮಾತ್ರೆ, ಯಾವಾಗ ಎಂದು ಮನೆಗೆ ಹೊರಡುವ ಮುನ್ನವೇ ಡಾಕ್ಟರನ್ನು ಕೇಳಿ. ಅದೇ ಇಂಜೆಕ್ಷನ್ ಉಸಿರಾಟದ ವಪೆಯ ನರವನ್ನೂ ತಾತ್ಕಾಲಿಕವಾಗಿ ಮಂಕಾಗಿಸಬಲ್ಲದು. ಹಾಗೆಂದು ಎಲ್ಲ ಏದುಸಿರನ್ನೂ ಇಂಜೆಕ್ಷನ್ ತಲೆಗೆ ಕಟ್ಟಬೇಡಿ: ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ, ಕಾಲು ಊದಿದರೆ, ಗಾಯದಲ್ಲಿ ಕೀವು ಅಥವಾ ಜ್ವರ ಕಾಣಿಸಿದರೆ ಫಾರ್ವರ್ಡ್ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಕಾಡ್‌ಮನ್ ತೀರಿಕೊಂಡಿದ್ದು 1940ರಲ್ಲಿ. ಅವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ. ವೈದ್ಯರ ಸಂಘಟನೆಗಳು ಸೇರಿ ಅದನ್ನು ನಿಲ್ಲಿಸಿದ್ದು 2014ರಲ್ಲಿ.